ಜ್ವರದ ಚೀಟಿ

ನಾನು ಈ ಊರಿನ ಶಾಲೆಗೆ ಬಂದ ಮೊದಲ ವರ್ಷ ನನ್ನ ತರಗತಿಯ ಮಕ್ಕಳಿಗೆಲ್ಲ ವಾರಕ್ಕೊಮ್ಮೆ ಜ್ವರ ಬರುತ್ತಿತ್ತು. ಜ್ವರ ಅಂದರೆ ಬರೀ ಜ್ವರ ಅಲ್ಲ, ‘ತೀವ್ರ ಜ್ವರ’. ಶಾಲೆ ತಪ್ಪಿಸಿದವರು ಮರುದಿನ ರಜಾ ಅರ್ಜಿ ತರಬೇಕೆಂದು ನಿಯಮ ಮಾಡಿದವಳು ನಾನೇ. ಆರನೆಯ, ಏಳನೆಯ ತರಗತಿಯ ಮಕ್ಕಳು, ಆ ನೆಪದಲ್ಲಾದರೂ ನಾಲ್ಕು ಸಾಲು ಬರೆಯಲಿ ಎಂದು. ತಂದರು, ಎಲ್ಲರೂ ತಂದರು. ‘ಮಾನ್ಯರೇ, ನನಗೆ ತೀವ್ರ ಜ್ವರ ಬಂದಿರುವ ಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ…’ ಒಂದಕ್ಷರ ಆಚೀಚೆ ಇಲ್ಲ. ವ್ಯಾಕರಣ ಪುಸ್ತಕದ ಹಿಂದಿದ್ದ ಮಾದರಿ ಪತ್ರವನ್ನು ನೋಡಿ ಇಳಿಸಿದ್ದು. ಒಬ್ಬಳಂತೂ ಮಾದರಿಯಲ್ಲಿದ್ದ ಯಾವನೋ ಹುಡುಗನ ಹೆಸರು, ಯಾವುದೋ ಊರಿನ ವಿಳಾಸ ಸಮೇತ ಬರೆದು ತಂದಿದ್ದಳು. ಜ್ವರ ಅವನಿಗೆ, ರಜೆ ಇವಳಿಗೆ!

ನನ್ನ ಬಾಯಿ ಮೊದಲಿನಿಂದಲೂ ಖಾರ. ಗಂಗಾವತಿ ಕಡೆಯ ಕಾಲುವೆ ನೀರು ಕುಡಿದು ಬೆಳೆದವಳು ಈ ಯಲಬುರ್ಗಾ ಸೀಮೆಯ ಬಿಸಿಲಿಗೆ ಬಂದ ಮೇಲೆ ಅದು ಒಣಗಿ ಇನ್ನಷ್ಟು ಖಾರವಾಯಿತು ಎಂದು ನನ್ನ ಗಂಡ ಹೇಳುತ್ತಾರೆ. ಬೇವೂರಿನ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದು ಬರುವ ಶಾಲೆ ನಮ್ಮದು. ಅವತ್ತು ನಡೆದು ಬಂದ ಬೆವರು ಆರಿರಲಿಲ್ಲ, ಮೇಜಿನ ಮೇಲೆ ಒಂಬತ್ತು ಜ್ವರಗಳು ಕಾಯುತ್ತಿದ್ದವು.

“ಎಲಾ ಇವರ! ನಿಮ್ಮೂರಾಗ ಇಷ್ಟ ಜ್ವರ ಐತಿ ಅಂದ್ರ ಸಾಲಿ ಮುಚ್ಚಿ ದವಾಖಾನಿ ತೆಗೀಬೇಕ ನೋಡು” ಎಂದು ಒಂಬತ್ತನ್ನೂ ಒಟ್ಟಿಗೇ ಹರಿದು ಹಾಕಿದೆ. ಆಮೇಲೆ ಸ್ವಲ್ಪ ತಣ್ಣಗಾಗಿ ಹೇಳಿದೆ: “ಇವತ್ತಿನಿಂದ ಯಾರೂ ಮಾದರಿ ಪತ್ರ ಬರೀಬ್ಯಾಡ್ರಿ. ಯಾಕ ಬರಲಿಲ್ಲ ಅನ್ನೋದನ್ನ ಖರೇ ಬರೀರಿ. ಮನ್ಯಾಗ ಹೆಂಗ ಮಾತಾಡ್ತೀರಿ, ಹಂಗ ಬರೀರಿ. ನಾ ಬೈಯಂಗಿಲ್ಲ, ಬಡಿಯಂಗಿಲ್ಲ.”

ನಮ್ಮ ತರಗತಿಯ ಮಾನಿಟರ್ ಗಾದಿ ಹೊಲಿಯುವವರ ಮನೆಯ ಹುಡುಗಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ವಕೀಲಿ. ಅವಳು ಎದ್ದು ನಿಂತಳು. “ಯಾರ ಮುಂದೂ ಹೇಳಂಗಿಲ್ರೇನ್ರಿ ಟೀಚರ್?”

“ಯಾರ ಮುಂದೂ ಹೇಳಂಗಿಲ್ಲ.”

“ಹೆಡ್ಮಾಸ್ತರ ಮುಂದೂ?”

“ಹೆಡ್ಮಾಸ್ತರ ಮುಂದೂ.”

“ಆಣಿ ಮಾಡ್ರಿ.”

ನಾನು ಸೀಮೆಸುಣ್ಣದ ಡಬ್ಬಿಯ ಮೇಲೆ ಕೈಯಿಟ್ಟೆ. “ಅದು ನಡ್ಯಂಗಿಲ್ರಿ, ನಿಮ್ಮ ಕಡೆ ದೇವ್ರ ಮ್ಯಾಲ ಮಾಡ್ರಿ” ಎಂದಳು. ಹೇಮಗುಡ್ಡದ ದುರ್ಗಮ್ಮನ ಮೇಲೆ ಆಣೆ ಮಾಡಿದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಆದರೆ ಆಣೆ ಅಂದರೆ ಆಣೆ ಎನ್ನುವುದು ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ.

ಆಮೇಲೆ ಬಂದ ಚೀಟಿಗಳನ್ನು ಏನು ಹೇಳಲಿ! ಒಬ್ಬ ಬರೆದ: ‘ನಮ್ಮ ಆಡು ಈದೈತಿ. ಎರಡು ಮರಿ. ಒಂದು ಕರೀದು. ಅದನ್ನ ಬಿಟ್ಟು ಬರಾಕ ಮನಸ ಆಗಲಿಲ್ಲ.’ ಇನ್ನೊಬ್ಬಳು: ‘ಸಾಲಿ ಅಂಗಿ ಒಣಗಿದ್ದಿಲ್ರಿ. ಒಂದ ಐತಿ.’ ನಮ್ಮ ಮಾನಿಟರ್ ರಂಜಾನ್ ಹಬ್ಬದ ಮರುದಿನದ ರಜೆಗೆ ಬರೆದಳು: ‘ಸುರಕುಂಬಾ ಐದು ಬಟ್ಟಲ ಕುಡದೆ. ಮುಂದಿಂದು ಬರಿಯಾಕ ನಾಚಿಕಿ ಬರ್ತೈತಿ.’ ಒತ್ತಕ್ಷರ, ದೀರ್ಘ ಎಲ್ಲ ಎಲ್ಲೆಲ್ಲೋ. ನಾನು ಕೆಂಪು ಪೆನ್ನು ಮುಟ್ಟಲಿಲ್ಲ. ಓದಿ, ಕೆಳಗೆ ಒಂದು ಸಾಲು ಉತ್ತರ ಬರೆದು ತೋರಿಸುತ್ತಿದ್ದೆ. ಕರೀ ಮರಿಗೆ ಏನು ಹೆಸರಿಟ್ಟೆ, ಎಂದು ಕೇಳಿದರೆ ಅವನು ಮತ್ತೆರಡು ಸಾಲು ಬರೆದುಕೊಡುತ್ತಿದ್ದ. ಕಿರಾಣಿ ಅಂಗಡಿಗಳಲ್ಲಿ ಚೀಟಿ ಚುಚ್ಚಿಡುವ ಕೊಕ್ಕೆ ತಂತಿ ಇರುತ್ತದಲ್ಲ, ಅಂಥದೊಂದನ್ನು ಕುಕನೂರಿನ ಸಂತೆಯಿಂದ ತಂದು ಕಪಾಟಿನ ಒಳಗೆ ನೇತುಹಾಕಿದೆ. ಓದಿದ ಚೀಟಿಗಳೆಲ್ಲ ಅದಕ್ಕೆ. ಕಪಾಟಿನ ಕೀಲಿ ನನ್ನ ಪರ್ಸಿನಲ್ಲಿ.

ತರಗತಿಯಲ್ಲಿ ಒಂದು ಹೊಸ ಮಾತೂ ಹುಟ್ಟಿತು. ಯಾರಾದರೂ ಸುಳ್ಳು ಹೇಳಿದರೆ, ನೆಪ ಒಡ್ಡಿದರೆ, “ಏ, ಜ್ವರದ ಚೀಟಿ ಕೊಡಬ್ಯಾಡಲೇ” ಎನ್ನುತ್ತಿದ್ದರು. ಹೆಡ್‌ಮಾಸ್ತರರ ಕಿವಿಗೂ ಬಿದ್ದು ಅವರೂ ಬಿಸಿಯೂಟದ ಅಕ್ಕಿ ತಡಮಾಡಿ ತಂದವನಿಗೆ ಅದನ್ನೇ ಅಂದರು.

ಇಡೀ ತರಗತಿಯಲ್ಲಿ ಚೀಟಿ ಕೊಡದವಳು ಒಬ್ಬಳೇ ಇದ್ದಳು.

ನಾನು ಬಂದ ಎರಡನೆಯ ವರ್ಷಕ್ಕೆ ಏಳನೆಯ ತರಗತಿಗೆ ಬಂದಿದ್ದ ಹುಡುಗಿ. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ವಾರದಲ್ಲಿ ಎರಡು ದಿನ, ಮೂರು ದಿನ ಇರುತ್ತಲೇ ಇರಲಿಲ್ಲ. ಬಂದ ದಿನ ಚೀಟಿ ಕೇಳಿದರೆ “ಬರಿಯಾಕ ಬರಂಗಿಲ್ರಿ” ಎಂದು ಹೇಳಿ ನಿಂತೇ ಇರುತ್ತಿದ್ದಳು. ನೆಪವಲ್ಲ, ನಿಜವಾಗಿಯೂ ಬರುತ್ತಿರಲಿಲ್ಲ. ಬಿಡಿ ಬಿಡಿಯಾಗಿ ಅಕ್ಷರ ಗುರುತಿಸುವಳು, ಕೂಡಿಸಿ ಓದು ಎಂದರೆ ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆಯುವಳು. ಆರು ವರ್ಷ ಶಾಲೆಯಲ್ಲಿ ಕೂತು ಎದ್ದವಳು. ಅದರಲ್ಲಿ ಒಂದು ವರ್ಷ ನನ್ನ ಮುಂದೆಯೇ ಕೂತಿದ್ದಳು, ಇದನ್ನೂ ಹೇಳಬೇಕು.

ಅವಳ ಬಲಗೈ ಹೆಬ್ಬೆರಳಿಗೆ ಒಂದು ಉದ್ದ ಉಗುರಿತ್ತು. ಸೋಮವಾರದ ಪ್ರಾರ್ಥನೆಯ ಸಾಲಿನಲ್ಲಿ ಉಗುರು ನೋಡುವ ಪದ್ಧತಿ. ನಾನು ಆ ಬೆರಳು ಹಿಡಿದೆತ್ತಿ “ಏನವ್ವಾ ಇದು, ನಾಟಕದಾಗ ರಾಕ್ಷಸಿ ಪಾರ್ಟ್ ಹಾಕಾಕಿ ಏನು?” ಎಂದೆ. ಸಾಲೆಲ್ಲ ನಕ್ಕಿತು. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಮುಂದಿನ ಸೋಮವಾರವೂ ಉಗುರು ಹಾಗೇ ಇತ್ತು, ನಾನೂ ಹಾಗೇ ಬೈದೆ.

ಆ ಜುಲೈಯಿಂದ ಅವಳನ್ನು ಮಧ್ಯಾಹ್ನದ ಊಟ ಆದಮೇಲೆ ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂರಿಸಿಕೊಳ್ಳತೊಡಗಿದೆ. ಪಾಠದ ಪುಸ್ತಕ ತೆಗೆದಾಗೆಲ್ಲ ಅವಳ ಮುಖ ಬಾಗಿಲು ಹಾಕಿದ ಹಾಗೆ ಆಗುತ್ತಿತ್ತು. ಒಂದು ದಿನ ನನಗೇ ಬೇಸರವಾಗಿ ಪುಸ್ತಕ ಅತ್ತ ಇಟ್ಟು “ನೀ ಏನರೆ ಹೇಳು, ನಾ ಬರಿತೀನಿ” ಎಂದೆ. “ನಮ್ಮ ಎಮ್ಮಿ ಒದೀತೈತ್ರಿ” ಎಂದಳು. ಹಾಗೆಯೇ ಬರೆದು ಅವಳ ಮುಂದಿಟ್ಟೆ. ಹಾಳೆಯ ಮೇಲೆ ಬೆರಳಿಟ್ಟು ಓದಿದಳು. ಓದಿದಳು ಎನ್ನುವುದಕ್ಕಿಂತ ತಾನು ಆಡಿದ್ದು ಅಲ್ಲಿ ಕೂತಿದೆಯಾ ಎಂದು ಪರೀಕ್ಷೆ ಮಾಡಿದಳು. “ಒದೀತೈತಿ ಅನ್ನೋದು ಎಲ್ಲೈತ್ರಿ?” ಎಂದು ತಾನೇ ಕೇಳಿ ತಾನೇ ಹುಡುಕಿದಳು. ಮರುದಿನ ಎರಡು ಸಾಲು ಹೇಳಿದಳು. ದಿನಾ ಎಮ್ಮೆ, ಅವ್ವ, ಬಾವಿ, ನಾಯಿ. ಶ್ರಾವಣ ಮುಗಿಯುವ ಹೊತ್ತಿಗೆ ನಾನು ಬರೆಯುವುದನ್ನು ನಿಲ್ಲಿಸಿ ಪೆನ್ನು ಅವಳ ಕೈಗೆ ಕೊಟ್ಟಿದ್ದೆ.

ಇನ್ನೊಂದು ಚಾಳಿ ಇತ್ತು ನನಗೆ. ಸಂಜೆ ಕೊನೆಯ ಹೊತ್ತಿಗೆ ಒಂದು ಕತೆ ಶುರುಮಾಡಿ ನಡುವೆ ನಿಲ್ಲಿಸುವುದು, ಮರುದಿನ ಶಾಲೆಗೆ ಬಂದವರಿಗೆ ಮಾತ್ರ ಉಳಿದದ್ದು. ಆ ವಾರ, ಕೊಡ ಬಿದ್ದ ಬಾವಿಯೊಳಗೆ ಇಳಿದ ಮುದುಕಿಯನ್ನು ಅರ್ಧ ಮೆಟ್ಟಿಲ ಮೇಲೆ ನಿಲ್ಲಿಸಿ ಗಂಟೆ ಹೊಡೆಸಿದ್ದೆ. ಮರುದಿನ ಆ ಹುಡುಗಿ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಬಂದವಳು ಸೀದಾ ನನ್ನ ಮೇಜಿನ ಹತ್ತಿರ ಬಂದು, ನಾಲ್ಕು ಮಡಿಕೆ ಮಾಡಿದ ಹಾಳೆ ಇಟ್ಟು ಓಡಿ ಹೋಗಿ ಗೋಡೆಗೆ ಒರಗಿ ಕೂತಳು.

ಆ ಚೀಟಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗ ಅವಳನ್ನು ಕೇಳಿ ಬರೆಯುತ್ತಿದ್ದೇನೆ. ಆಗ ಕೇಳಿರಲಿಲ್ಲ, ನಾನು ಹೇಳಬೇಕಾದದ್ದು ಇರುವುದೇ ಅಲ್ಲಿ.

‘ಟೀಚರ್ರಿಗೆ. ನನಗ ಜ್ವರ ಬಂದಿಲ್ರಿ. ನಾನು ಹತ್ತಿ ಕ್ರಾಸಿಂಗಿಗೆ ಹೋಗಿದ್ನಿ. ನೀವು ಉಗುರ ತಗಿ ಅಂತೀರಿ. ಉಗುರ ಇಲ್ಲಂದ್ರ ಮೊಗ್ಗಿ ಸುಲಿಯಾಕ ಬರಂಗಿಲ್ಲ. ಅವ್ವ ಒಂದ ಸಾಲ ಮುಗಸೂದ್ರಾಗ ನಾನು ಎರಡ ಮುಗಸ್ತೀನಿ. ಹೂವು ಛಲೋ ಇರ್ತಾವ. ಬಿಸಲಾಗ ತಲಿ ತಿರಗತೈತಿ. ಆ ಮುದುಕಿ ಬಾವ್ಯಾಗ ಇನ್ನೂ ನಿಂತಾಳೇನ್ರಿ.’

ಕೆಳಗೆ ಹೆಸರು, ತರಗತಿ, ಊರು. ಮಾದರಿ ಪತ್ರದಿಂದ ಅವಳು ತೆಗೆದುಕೊಂಡದ್ದು ಅಷ್ಟೇ.

ಓದಿ ನನಗೆ ಕಣ್ಣು ತುಂಬಿ ಬಂತು. ಬೀಜದ ಹತ್ತಿ ಬೆಳೆಯುವ ಹೊಲಗಳಲ್ಲಿ ಎರಡು ತಳಿ ಕೂಡಿಸುವ ಈ ಕ್ರಾಸಿಂಗ್ ಕೆಲಸ ಇರುತ್ತದೆ. ಸಂಜೆ ಮೊಗ್ಗು ಸುಲಿದು ಕೆಂಪು ಹಾಳೆಯ ಚೂರು ಮುಚ್ಚಿ ಬರಬೇಕು, ಮುಂಜಾನೆ ಗಂಡು ಹೂವಿನ ಪುಡಿ ಸವರಬೇಕು. ಹೂವಿನ ಎಳೆ ಮುರಿಯಬಾರದು, ಅದಕ್ಕೇ ಸಣ್ಣ ಬೆರಳಿನವರು ಬೇಕು. ನನಗೆ ಇದೆಲ್ಲ ಗೊತ್ತಿತ್ತು. ಉಗುರಿಗೂ ಹೂವಿಗೂ ಇರುವ ನಂಟು ಮಾತ್ರ ಹೊಳೆದಿರಲಿಲ್ಲ. ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮುದುಕಿಯನ್ನು ಬಾವಿಯಿಂದ ಮೇಲಕ್ಕೆ ಹತ್ತಿಸಿದೆ. “ಕೊಡ ಸಿಕ್ತೇನ್ರಿ?” ಎಂದಳು. ಸಿಕ್ಕಿತು ಎಂದೆ. ಅವಳ ನಗು ಆ ದಿನ ಮೊದಲ ಸಲ ನೋಡಿದೆ.

ಆ ಸಂಜೆಯೇ ನಾನು ಅವಳ ಮನೆಗೆ ಹೋಗಬೇಕಿತ್ತು. ಅವ್ವನ ಜೊತೆ ಕೂತು, ಏಳನೆಯ ತರಗತಿಯ ಕೂಸು, ಈಗಷ್ಟೇ ಕೈ ತಿರುಗುತ್ತಿದೆ, ಹೊಲ ಬಿಡಿಸಿರಿ ಎಂದು ಹೇಳಬೇಕಿತ್ತು. ಹೋಗಲಿಲ್ಲ. ಶನಿವಾರ ಕುಕನೂರಿನಲ್ಲಿ ಸುತ್ತಲ ಶಾಲೆಗಳ ಶಿಕ್ಷಕರ ಸಭೆ ಇತ್ತು. ಕಪಾಟು ತೆಗೆದು, ತಂತಿಯಿಂದ ಆ ಚೀಟಿ ಬಿಡಿಸಿ ಪರ್ಸಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದೆ.

ಸಭೆಗಳಲ್ಲಿ ನಾನು ಹಿಂದಿನ ಕುರ್ಚಿಯವಳು. ಬಣ್ಣದ ಚಾರ್ಟು, ಥರ್ಮಾಕೋಲಿನ ಮಾದರಿ ತರುವವರು ಮುಂದೆ ಕೂತು ಪ್ರತಿ ತಿಂಗಳೂ ಚಪ್ಪಾಳೆ ಗಿಟ್ಟಿಸುತ್ತಿದ್ದರು. ನನಗೂ ಇಷ್ಟು ವರ್ಷದ ನೌಕರಿಯಲ್ಲಿ ಒಂದು ಸಲ ಚಪ್ಪಾಳೆ ಬೇಕೆನಿಸಿತ್ತು. ನನ್ನ ಸರದಿ ಬಂದಾಗ ಚೀಟಿ ತೆಗೆದು ಓದಿದೆ. ಚೆನ್ನಾಗಿಯೇ ಓದಿದೆ, ‘ಹೂವು ಛಲೋ ಇರ್ತಾವ’ ಎನ್ನುವಲ್ಲಿ ಸ್ವಲ್ಪ ತಡೆದು ಓದಿದೆ. ಇಡೀ ಸಭೆ ಜೋರಾಗಿ ಚಪ್ಪಾಳೆ ಹೊಡೆಯಿತು. ಊಟದ ಹೊತ್ತಿಗೆ ಇಬ್ಬರು ಮೂವರು ಬಂದು “ಮೇಡಂ, ಒಂದ ಫೋಟೋ ತಗೋತೀವ್ರಿ” ಎಂದರು. ನಾನು ಚೀಟಿಯನ್ನು ಬೆಳಕಿಗೆ ನೆಟ್ಟಗೆ ಹಿಡಿದೆ. ಕೆಳಗಿನ ಹೆಸರನ್ನು ಒಂದು ಹೆಬ್ಬೆರಳಿಂದ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಅವತ್ತು ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಒಂದು ಫೋನಿನಿಂದ ಹತ್ತು ಫೋನಿಗೆ, ಶಿಕ್ಷಕರ ಗುಂಪಿನಿಂದ ಇನ್ನೊಂದು ಗುಂಪಿಗೆ ಆ ಫೋಟೋ ಎಲ್ಲೆಲ್ಲಿ ಹೋಯಿತೋ. ಮುಂದಿನ ಗುರುವಾರ ಮುಂಜಾನೆ ಹತ್ತಿ ಹೊಲದ ಬದುವಿಗೆ ಕಾರ್ಮಿಕ ಇಲಾಖೆಯ ಜೀಪು ಬಂತು. ಹೊಲದಲ್ಲಿ ಆರು ಹುಡುಗಿಯರಿದ್ದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಬರೆದುಕೊಂಡರು, ಅವ್ವಂದಿರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಬಂದವರಲ್ಲಿ ಒಬ್ಬರು ಫೋನು ನೋಡಿ ಇವಳ ಹೆಸರು ಹಿಡಿದು ಕೂಗಿ “ಚೀಟಿ ಬರದಾಕಿ ಯಾರು ನಿಮ್ಮೊಳಗ?” ಎಂದು ಕೇಳಿದರಂತೆ.

ಮಕ್ಕಳು ಹೊಲದಲ್ಲಿ ದುಡಿಯಬಾರದು ಎನ್ನುವ ಪಾಠವನ್ನು ನಾನೇ ಮಾಡುತ್ತೇನೆ. ಜೀಪಿನವರು ತಪ್ಪು ಮಾಡಿದರು ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ಆ ಹೊಲದಲ್ಲಿ ಆರು ಮನೆಯವರ ಎದುರಿಗೆ ಆ ಹುಡುಗಿ ಒಬ್ಬಳೇ ತಲೆ ತಗ್ಗಿಸಿ ನಿಂತದ್ದು ಜೀಪಿನ ದೆಸೆಯಿಂದಲ್ಲ.

ಶುಕ್ರವಾರ ತರಗತಿಗೆ ಹೋದರೆ ಗೋಡೆಯ ಹತ್ತಿರದ ಜಾಗ ಖಾಲಿ. ಹೆಡ್‌ಮಾಸ್ತರರು ಹಣೆ ಒತ್ತಿಕೊಳ್ಳುತ್ತ ಬಂದರು. “ಟೀಚರ್ರ, ನಿಮ್ಮ ಸಾಹಿತ್ಯ ನನ್ನ ಕುತ್ತಿಗಿಗೆ ಬಂತಲ್ರೀ. ಹೊಲದಾಗ ಸಿಕ್ಕ ಹುಡುಗ್ಯಾರ ಹಾಜರಿ ಪುಸ್ತಕ ತರ್ರಿ ಅಂದಾರ.” ಅವತ್ತು ಮೇಜಿನ ಮೇಲೆ ಎರಡು ಚೀಟಿಗಳಿದ್ದವು. ಎರಡರಲ್ಲೂ, ‘ಮಾನ್ಯರೇ, ನನಗೆ ತೀವ್ರ ಜ್ವರ ಬಂದಿರುವ ಕಾರಣ…’

ಸಂಜೆ ಅವಳ ಮನೆಗೆ ಹೋದೆ. ಅವಳ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಈ ಕಡೆ ಹಳಬರು ಟೀಚರಿಗೆ ಅಕ್ಕೋರು ಎನ್ನುತ್ತಾರೆ. “ಬರ್ರಿ ಅಕ್ಕೋರ, ಕುಂಡ್ರಿ” ಎಂದು ಚಾಪೆ ಕೊಡವಿ ಹಾಸಿ ನೀರು ತಂದಿಟ್ಟಳು. ಬೈದಿದ್ದರೆ ವಾಸಿಯಿತ್ತು. ಹುಡುಗಿ ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಲಂಗದ ಅಂಚು ಮಾತ್ರ ಕಾಣುತ್ತಿತ್ತು.

“ಹೊಲಕ್ಕ ಕಳಿಸಿದ್ದು ನಂದ ತಪ್ಪು, ಇಲ್ಲ ಅನ್ನಂಗಿಲ್ರಿ” ಎಂದು ಅವ್ವ ಮೊರವನ್ನು ಬದಿಗಿಟ್ಟಳು. “ಓಣ್ಯಾಗ ಎಲ್ಲಾರೂ ಈ ಕೂಸಿಗೆ ಅಂತಾರ, ನಿನ್ನ ಕೈಬರಹ ಊರ ಮರ್ಯಾದಿ ಕಳೀತು ಅಂತ. ಅದೂ ಹೋಗ್ಲಿ. ಆದ್ರ ಅಕ್ಕೋರ, ಯಾರ ಮುಂದೂ ಹೇಳಂಗಿಲ್ಲ ಅಂತ ನೀವು ದೇವ್ರ ಮ್ಯಾಲ ಆಣಿ ಮಾಡಿದ್ರಂತಲ್ಲ. ನಿನ್ನಿಂದ ಇದು ಅದನ್ನ ಹೇಳ್ಕೋತ ಅಳ್ತೈತಿ. ಜೀಪು ಬಂದಿದ್ದಕ್ಕ ಅತ್ತಿಲ್ಲ.”

ಇಷ್ಟು ಖಾರದ ಬಾಯಿ ಎಲ್ಲಿ ಹೋಯಿತೋ. ಕಡೆಗೆ “ಸೋಮವಾರ ಸಾಲಿಗೆ ಕಳಿಸವ್ವಾ” ಎಂದೆ.

“ಇಲ್ರಿ. ಅಮಾಸಿ ಆದಮ್ಯಾಲ ಕುಷ್ಟಗಿ ಕಡೆ ಇವರ ದೊಡ್ಡವ್ವನ ಊರಿಗೆ ಕಳಸ್ತೀವಿ. ಅಲ್ಲಿ ಮೆಣಸಿನಕಾಯಿ ಕ್ರಾಸಿಂಗ್ ಐತಿ. ಚೀಟಿ ಬರಸೋರು ಯಾರೂ ಇಲ್ಲ. ಬರಿಯಾಕ ಬರದಿದ್ರೂ ನಾವು ಬದಕೀವ್ರಿ.”

ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇತ್ತು. ಆ ಒಂಬತ್ತು ದಿನದೊಳಗೆ ಅವಳು ಬರದಿದ್ದರೆ ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಂಥ ಎಷ್ಟು ಹುಡುಗಿಯರನ್ನು ನೋಡಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯ ಅರ್ಥ ವಿಸ್ತರಿಸಿ ಬರೆಯಿರಿ ಎಂದು ಪ್ರತಿವರ್ಷ ಪರೀಕ್ಷೆಯಲ್ಲಿ ಕೇಳುತ್ತೇನೆ. ನನಗೆ ಅದರ ಅರ್ಥ ಆ ಚಾಪೆಯ ಮೇಲೆ ತಿಳಿಯಿತು.

ಸೋಮವಾರ ತರಗತಿಯಲ್ಲಿ ಮತ್ತೆ ಮೂರು ಜ್ವರ. ಸಿಟ್ಟು ನೆತ್ತಿಗೇರಿತು. “ಏನ್ರಲೇ ಇದು, ಮತ್ತ ಶುರು ಮಾಡಿದ್ರೇನು?” ಎಂದು ಮೇಜು ಗುದ್ದಿದೆ. ನಮ್ಮ ಮಾನಿಟರ್ ಎದ್ದು ನಿಂತಳು. ಹೆದರಿದ್ದಳು, ಆದರೂ ನಿಂತಳು.

“ಟೀಚರ್, ತಪ್ಪು ಮಾಡಿದ್ರ ಯಾಕ ಮಾಡ್ದಿ ಅಂತ ಖರೇ ಬರೀಬೇಕು ಅಂತ ನೀವ ಹೇಳಿದ್ರಿ. ನೀವೂ ಬರೀರಲ್ಲ.”

ಕೈ ಎತ್ತಿಬಿಡುತ್ತಿದ್ದೆನೇನೋ, ಅಷ್ಟು ಉರಿಯಿತು. “ಕೂಡು ಕೆಳಗ” ಎಂದೆ. ಕೂತಳು. ಇಡೀ ದಿನ ಪಾಠ ಮಾಡಿದೆ, ಒಂದು ಪದವೂ ನೆನಪಿಲ್ಲ. ಮಧ್ಯಾಹ್ನ ಅಡುಗೆ ಕೋಣೆಯ ಕಟ್ಟೆಯ ಮೇಲೆ ಒಬ್ಬಳೇ ಕೂತು ಬರೆಯತೊಡಗಿದೆ.

ಎರಡು ಪುಟ ಬರೆದೆ. ‘ಪ್ರೀತಿಯ ಮಗಳೇ’ ಎಂದು ಶುರುಮಾಡಿ, ನಿನ್ನ ಬರವಣಿಗೆ ಎಲ್ಲರಿಗೂ ಮಾದರಿಯಾಗಲಿ ಎಂಬ ಉದ್ದೇಶದಿಂದ, ನಿನ್ನಂಥ ಮಕ್ಕಳ ಕಷ್ಟ ಹತ್ತು ಜನರಿಗೆ ತಿಳಿಯಲಿ ಎಂಬ ಕಳಕಳಿಯಿಂದ, ನಿನ್ನ ಭವಿಷ್ಯದ ಹಿತದೃಷ್ಟಿಯಿಂದ… ದುಂಡಗೆ, ಮುತ್ತಿನಂಥ ಅಕ್ಷರ. ಸಂಜೆ ಒಯ್ದು ಕೊಟ್ಟೆ. ಈ ಸಲ ಅವಳು ಹೊಸ್ತಿಲಿಗೆ ಬಂದಳು. ಹಾಳೆ ತೆಗೆದುಕೊಂಡು ಅಲ್ಲೇ ಕೂತು ಬೆರಳಿಟ್ಟು ತುಟಿ ಅಲ್ಲಾಡಿಸುತ್ತ ಓದಿದಳು. ಹತ್ತಿಯ ಸಾಲಿನಲ್ಲಿ ಒಂದು ಹೂವೂ ಬಿಡದೆ ಹೋಗುವ ಹಾಗೆ ಒಂದಕ್ಷರವನ್ನೂ ಬಿಡದೆ ಓದಿದಳು. ಎಮ್ಮೆ ಬಂತು, ಕಟ್ಟಿದರು, ಹಾಲು ಹಿಂಡಿದರು, ಅವಳು ಇನ್ನೂ ಓದುತ್ತಿದ್ದಳು. ಮುಗಿಸಿ, ಬಂದಿದ್ದ ಮಡಿಕೆಗಳಲ್ಲೇ ಮಡಚಿ ನನ್ನ ಕೈಗೆ ವಾಪಸು ಕೊಟ್ಟಳು.

“ಇದು ಜ್ವರದ ಚೀಟಿ ಐತ್ರಿ, ಟೀಚರ್.”

ಅಷ್ಟು ಹೇಳಿ ಒಳಗೆ ಹೋದಳು.

ಊರ ಹೊರಗಿನ ಬೇವಿನ ಗಿಡದ ಕೆಳಗೆ ಬಸ್ಸಿಗೆ ಕಾಯುತ್ತ ಕೂತೆ. ಒಂದು ಬಸ್ಸು ಬಂತು, ಹತ್ತಲಿಲ್ಲ. ಮೊದಲು ಸಿಟ್ಟು ಬಂತು. ಯಾರು ಕಲಿಸಿದ ಓದು ಇದು, ನನಗೇ ತಿರುಗಿಸಿ ಹೇಳುತ್ತಾಳಲ್ಲ ಎಂದು. ಆಮೇಲೆ, ಅಯ್ಯೋ ಶಿವನೆ, ಎಷ್ಟು ಸರಿಯಾಗಿ ಓದಿದಳು ಎನಿಸಿತು. ಆರು ವರ್ಷ ಓದಲು ಬಾರದ ಹುಡುಗಿ ಎರಡು ಪುಟದ ನನ್ನ ಸುಳ್ಳನ್ನು ಒಂದೇ ಸಲಕ್ಕೆ ಓದಿಬಿಟ್ಟಿದ್ದಳು. ಆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತೇ ನಾನು ಮತ್ತೆ ಬರೆದೆ. ಮೊಣಕಾಲ ಮೇಲೆ ಹಾಳೆ ಇಟ್ಟು ಬರೆದದ್ದು, ಅಕ್ಷರ ಅಡ್ಡಾದಿಡ್ಡಿ. ಪೂರ್ತಿ ಕತ್ತಲಾಗುವ ಮೊದಲು ವಾಪಸು ಹೋದೆ.

ಅಂಗಳದಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು ಕೂತಿದ್ದರು. ಅವರ ಹುಡುಗಿಯರೂ ಅವತ್ತು ಆ ಹೊಲದಲ್ಲಿ ಇದ್ದವರೇ. ನಾನು ಹಾಳೆ ಚಾಚಿದೆ. ಹುಡುಗಿ ತೆಗೆದುಕೊಂಡಳು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು “ಏನ ಬರದಾರ? ಜೋರಲೆ ಓದು, ನಾವೂ ಕೇಳ್ತೀವಿ” ಎಂದಳು.

ಹುಡುಗಿ ನನ್ನ ಮುಖ ನೋಡಿದಳು. ಓದಲೇ ಎಂದು ಕೇಳುವ ನೋಟ. ನಾನು ಅವಳ ಚೀಟಿ ಓದುವ ಮೊದಲು ಹೀಗೆ ಕೇಳಿರಲಿಲ್ಲ. “ಓದು” ಎಂದೆ.

ಓದಿದಳು. “ನಿನ್ನ ಚೀಟಿ ಸಭಾದಾಗ ಓದಿದೆ. ನಿನ್ನ ಸಲುವಾಗಿ ಓದಲಿಲ್ಲ. ನನ್ನನ್ನ ನಾಲ್ಕು ಮಂದಿ…” ಅಲ್ಲಿ ತೊಡರಿ ನಿಂತಳು. ಹೇಳಿಕೊಡಲು ಬಾಯಿ ತೆರೆದೆ. ಕೈಯೆತ್ತಿ ತಡೆದು “ನಾನ ಓದ್ತೀನ್ರಿ” ಎಂದಳು. ಹೆಂಗಸರು ಕಾದರು, ನಾನೂ ಕಾದೆ. “ಹೊ… ಗ… ಳಲಿ. ಹೊಗಳಲಿ ಅಂತ ಓದಿದೆ. ಫೋಟೋ ತಗೊಳ್ಳಾಕ ನಾನ ಎತ್ತಿ ಹಿಡಿದೆ. ನಿನ್ನ ಹೆಸರ ಮುಚ್ಚಲಿಲ್ಲ. ನಿನ್ನ ಮ್ಯಾಲ ಕಾಳಜಿ ಇದ್ದಿದ್ರ ಮೊದಲ ನಿಮ್ಮ ಮನಿಗೆ ಬರ್ತಿದ್ದೆ. ಬರಲಿಲ್ಲ. ಸಭಾಕ್ಕ ಹೋದೆ. ಆಣಿ ಮುರದೆ. ತಪ್ಪು ನಂದು.”

ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನಿಸಿತು. ಹತ್ತಿ ಹೊಲದ ಬದುವಿನಲ್ಲಿ ಅವಳಿಗೆ ಏನಾಗಿರಬೇಕು ಎಂದು ಆಗ ತಿಳಿಯಿತು. ಹೆಂಗಸರಲ್ಲಿ ಹಿರಿಯಳು ಸೆರಗು ಸರಿಮಾಡಿಕೊಂಡು “ಹೋಗ್ಲಿ ಬಿಡ್ರಿ ಅಕ್ಕೋರ, ಬಾಯಿ ಬಿಟ್ಟು ಅಂದ್ರಲ್ಲ” ಎಂದಳು.

ಅವ್ವ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಮಗಳನ್ನೇ ನೋಡುತ್ತಿದ್ದಳು. ಕೈಯಲ್ಲಿ ರೊಟ್ಟಿಯ ಹಿಟ್ಟು ಒಣಗಿತ್ತು.

“ಇಷ್ಟ ಓದಾಕ ಬರ್ತೈತೇನ ನಿನಗ? ಯಾವಾಗ ಕಲ್ತಿ?”

ಹುಡುಗಿ ಹೆಗಲು ಕುಣಿಸಿದಳು. ಅವ್ವ ಆ ಹಾಳೆಯನ್ನು ಇಸಿದುಕೊಂಡು, ತಿರುಗಿಸಿ ನೋಡಿ, ಮತ್ತೆ ಮಗಳ ಕೈಗೆ ಕೊಟ್ಟು “ಇನ್ನೊಮ್ಮೆ ಓದು” ಎಂದಳು. ನನಗೆ ನಿಲ್ಲಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ. ಹೋಗುವಾಗ ಪರ್ಸಿನಿಂದ ಅವಳ ಚೀಟಿ ತೆಗೆದು ಹೊಸ್ತಿಲ ಮೇಲಿಟ್ಟೆ. ಅಷ್ಟು ದಿನವೂ ಅದು ನನ್ನ ಪರ್ಸಿನಲ್ಲೇ ಇತ್ತು.

ಮಂಗಳವಾರ ಅವಳು ಬರಲಿಲ್ಲ. ಬುಧವಾರವೂ ಇಲ್ಲ. ಮಾನಿಟರಿಗೆ ಆ ಎರಡನೆಯ ಚೀಟಿಯಲ್ಲಿದ್ದುದನ್ನು ಇಡೀ ತರಗತಿಯ ಎದುರು ಬಾಯಲ್ಲೇ ಹೇಳಿದೆ. ಅವಳು ಕತ್ತು ಓರೆ ಮಾಡಿ ಕೇಳಿ “ಇದು ಖರೇ ಚೀಟಿ ಐತ್ರಿ” ಎಂದು ತೀರ್ಪು ಕೊಟ್ಟಳು. ಆದರೂ ಗೋಡೆಯ ಹತ್ತಿರದ ಜಾಗ ಖಾಲಿಯೇ ಇತ್ತು. ಗುರುವಾರ, ಶುಕ್ರವಾರ, ಶನಿವಾರ. ರವಿವಾರ ಅಮಾವಾಸ್ಯೆ. ನಾನು ಅವತ್ತು ಮನೆಯಲ್ಲಿ ಹೋಳಿಗೆ ಸೀಯಿಸಿ ಗಂಡನ ಮೇಲೆ ಕೂಗಾಡಿದೆ. ಕುಷ್ಟಗಿಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಅವರನ್ನು ಎರಡು ಸಲ ಕೇಳಿದೆನಂತೆ.

ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಅವಳು ನಿಂತಿದ್ದಳು. ಕಾಂಪೌಂಡಿನ ಆಚೆ ಅವಳ ಅವ್ವ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದವಳು ನನ್ನನ್ನು ಕಂಡು “ರಜಾ ಇದ್ದಾಗಿಂದು ಬ್ಯಾರೆ ರಿ. ಸಾಲಿ ಇದ್ದ ದಿನ ಬಿಡಸಂಗಿಲ್ಲ” ಎಂದು ಕೂಗಿ ಹೇಳಿ ಹೊಲದ ದಾರಿ ಹಿಡಿದಳು.

ತರಗತಿಗೆ ಹೋದ ಮೇಲೆ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ನಾಲ್ಕು ಮಡಿಕೆಯ ಹಾಳೆ ಇಟ್ಟಳು. ಈ ಸಲ ಓಡಿ ಹೋಗಲಿಲ್ಲ, ಅಲ್ಲೇ ನಿಂತಳು.

‘ಟೀಚರ್ರಿಗೆ. ಇಷ್ಟು ದಿನ ಸಾಲಿಗೆ ಬಂದಿಲ್ರಿ. ಜ್ವರ ಬಂದಿದ್ದಿಲ್ಲ. ನಿಮ್ಮ ಮ್ಯಾಲ ಸಿಟ್ಟು ಬಂದಿತ್ತು. ಈಗೂ ಸ್ವಲ್ಪ ಐತಿ.’

ಎರಡು ಸಲ ಓದಿದೆ. ಕೆಳಗೆ ‘ಇರಲಿ’ ಎಂದು ಬರೆದು ಅವಳಿಗೆ ತೋರಿಸಿದೆ. ಓದಿ ತಲೆಯಾಡಿಸಿದಳು. ಎದ್ದು ಕಪಾಟಿನ ಕೀಲಿ ತೆಗೆದು ತಂತಿಗೆ ಚುಚ್ಚಲು ಹೋದೆ.

“ಬ್ಯಾಡ್ರಿ” ಎಂದಳು. “ಓದಿದ್ರಲ್ಲ. ವಾಪಸ್ ಕೊಡ್ರಿ.”

ಕೈ ಚಾಚಿ ನಿಂತಳು. ಹೆಬ್ಬೆರಳ ಉಗುರು ಇನ್ನೂ ಉದ್ದವಿತ್ತು. ಉಗುರಿನ ಬಗ್ಗೆ ಏನೂ ಅನ್ನದೆ ಚೀಟಿಯನ್ನು ಆ ಕೈಯಲ್ಲಿಟ್ಟೆ.